ಕೊಟ್ಟ ಅಕ್ಷರಗಳಿರುವ ಇಂಗ್ಲಿಷ್ ಪದ: ನಾನು ಹುಡುಕುವ ಬಗೆ

ಎ, ಇ, ಐ, ಒ, ಯು ಐದೂ ಇರುವ ಇಂಗ್ಲಿಷ್ ಪದ ಹೇಳಿ ಎಂದರೆ ಹೆಚ್ಚಿನವರಿಗೆ ಮೊದಲು ಹೊಳೆಯುವುದು ಎಜುಕೇಶನ್. ಇನ್ನಷ್ಟು ಯೋಚಿಸಿದರೆ ಈಕ್ವೇಶನ್ ಸಿಗುತ್ತದೆ. ಆದರೆ ಏಳೇ ಅಕ್ಷರಗಳಲ್ಲಿ ಐದನ್ನೂ ಹಿಡಿದಿಟ್ಟುಕೊಂಡ ಸೆಕೋಯಾ, ಅಂದರೆ ಕ್ಯಾಲಿಫೋರ್ನಿಯಾದ ಆ ದೈತ್ಯ ಮರದ ಹೆಸರು, ತಾನಾಗಿ ನೆನಪಿಗೆ ಬರುವುದು ಕಷ್ಟ. ಅದನ್ನು ಹುಡುಕಬೇಕು. ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟ ಮತ್ತು ಒಗಟಿನಂಥ ಸುಳಿವುಗಳ ಕ್ರಿಪ್ಟಿಕ್ ಪದಬಂಧದ ಹುಚ್ಚಿನಿಂದ ಈ ಹುಡುಕಾಟವನ್ನು ಬಹಳ ಕಾಲದಿಂದ ಮಾಡುತ್ತಿದ್ದೇನೆ. ಈಗ ನಾನು ಅನುಸರಿಸುವ ಕ್ರಮ ಇದು.

ಮೊದಲು, ಕೇಳುತ್ತಿರುವುದು ಏನು ಎಂಬುದನ್ನು ಖಚಿತ ಮಾಡಿಕೊಳ್ಳುತ್ತೇನೆ. ಕೊಟ್ಟ ಅಕ್ಷರಗಳೆಲ್ಲ ಪದದೊಳಗೆ ಇರಬೇಕು, ಬೇರೆ ಅಕ್ಷರಗಳೂ ಇರಬಹುದು ಎನ್ನುವುದು ಒಂದು. ಕೊಟ್ಟ ಅಕ್ಷರಗಳನ್ನು ಬಿಟ್ಟು ಬೇರೆ ಯಾವುದೂ ಬರಬಾರದು ಎನ್ನುವುದು ಇನ್ನೊಂದು. ಸ್ಕ್ರ್ಯಾಬಲ್ ಈ ಎರಡನೆಯ ಜಾತಿ. ಅಕ್ಷರಗಳು ಕೊಟ್ಟ ಕ್ರಮದಲ್ಲೇ ಬರಬೇಕು ಎಂದರೆ ಅದು ಮೂರನೆಯದೇ ಪ್ರಶ್ನೆ. ಐದು ಸ್ವರಗಳೂ ಅದೇ ಸಾಲಿನಲ್ಲಿ ಬರುವ ಫೆಸೀಶಸ್, ಅಬ್ಸ್ಟೀಮಿಯಸ್ ಅದಕ್ಕೆ ಉದಾಹರಣೆ. ಈ ಮೂರನ್ನು ಕಲೆಸಿಕೊಂಡರೆ ಎಷ್ಟು ಹುಡುಕಿದರೂ ಬೇಡದ ಪದಗಳೇ ಸಿಗುತ್ತವೆ.

ಕೈಯಲ್ಲಿ ಹುಡುಕುವಾಗ ಅಕ್ಷರಗಳನ್ನು ಸಾಲಾಗಿ ಬರೆಯುವುದಿಲ್ಲ, ವೃತ್ತದಲ್ಲಿ ಬರೆಯುತ್ತೇನೆ. ಸಾಲಿನಲ್ಲಿ ಬರೆದರೆ ಕಣ್ಣು ಅದೇ ಕ್ರಮಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಪದದ ಬಾಲ ಕೀಳುತ್ತೇನೆ: ಐ-ಎನ್-ಜಿ, ಇ-ಆರ್, ಟಿ-ಐ-ಒ-ಎನ್, ಎನ್-ಇ-ಎಸ್-ಎಸ್. ಎ, ಇ, ಜಿ, ಐ, ಎಲ್, ಎನ್, ಎನ್, ಆರ್ ಎಂಬ ಎಂಟು ಅಕ್ಷರಗಳನ್ನು ನೋಡಿದರೆ ಏನೂ ತೋಚದು. ಐ-ಎನ್-ಜಿ ಪಕ್ಕಕ್ಕಿಟ್ಟರೆ ಉಳಿದ ಐದರಲ್ಲಿ ಲರ್ನ್ ಎದ್ದು ಕಾಣುತ್ತದೆ, ಉತ್ತರ ಲರ್ನಿಂಗ್.

ಕನ್ನಡದಲ್ಲಿ ಓದು ಕಲಿತವರಿಗೆ ಇಲ್ಲೊಂದು ವಿಶೇಷ ತೊಡಕಿದೆ. ಬರೆದಂತೆ ಓದುವುದು ನಮ್ಮ ರೂಢಿ, ಹಾಗಾಗಿ ಪದವನ್ನು ಕಿವಿಯಿಂದ ಹುಡುಕುತ್ತೇವೆ. ಲಿಸನ್‌ನಲ್ಲಿ ಟಿ ಇದೆ ಎಂದು ಕಿವಿ ಹೇಳುವುದಿಲ್ಲ. ಆದ್ದರಿಂದ ಕೆ ಮತ್ತು ಎನ್, ಜಿ ಮತ್ತು ಎಚ್, ಡಬ್ಲ್ಯೂ ಮತ್ತು ಆರ್ ಜೊತೆಯಾಗಿ ಸಿಕ್ಕರೆ ಅವುಗಳನ್ನು ಪಕ್ಕಪಕ್ಕ ಇಟ್ಟು ಬೇರೆಯಾಗಿಯೇ ಪರೀಕ್ಷಿಸುತ್ತೇನೆ. ಇದೊಂದು ಅಭ್ಯಾಸದಿಂದಲೇ ನನಗೆ ಎಷ್ಟೋ ಪದಗಳು ದಕ್ಕಿವೆ.

ಕಂಪ್ಯೂಟರಿನಲ್ಲಿ ಹುಡುಕುವಾಗ ಇಡೀ ಕೆಲಸ ನಿಂತಿರುವುದು ಒಂದೇ ಉಪಾಯದ ಮೇಲೆ: ಪದಪಟ್ಟಿಯ ಪ್ರತಿ ಪದದ ಅಕ್ಷರಗಳನ್ನೂ ಅಕಾರಾದಿಯಲ್ಲಿ ಜೋಡಿಸಿ, ಆ ಜೋಡಣೆಯನ್ನು ಮೂಲ ಪದದ ಪಕ್ಕದಲ್ಲಿ ಬರೆದಿಡುವುದು. ಸ್ಕ್ರ್ಯಾಬಲ್ ಆಟಗಾರರು ಇದನ್ನು ಆಲ್ಫಾಗ್ರಾಮ್ ಎನ್ನುತ್ತಾರೆ. ಲಿಸನ್, ಸೈಲೆಂಟ್, ಎನ್‌ಲಿಸ್ಟ್, ಟಿನ್ಸೆಲ್, ಇನ್‌ಲೆಟ್ಸ್ ಐದೂ ಜೋಡಿಸಿದ ಮೇಲೆ ಇ-ಐ-ಎಲ್-ಎನ್-ಎಸ್-ಟಿ ಎಂಬ ಒಂದೇ ರೂಪಕ್ಕೆ ಬರುತ್ತವೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದು ಕೆಲವೇ ಸಾಲಿನ ಕೆಲಸ, ಒಮ್ಮೆ ಮಾಡಿಟ್ಟರೆ ಸಾಕು.

ಇದರ ನಿಜವಾದ ಸೊಗಸು ಗೊತ್ತಾಗುವುದು ಒಂದೇ ಅಕ್ಷರ ಎರಡು ಸಲ ಬೇಕಾದಾಗ. ಎರಡು ಕೆ, ಎರಡು ಒ ಇರುವ ಪದ ಬೇಕು ಎನ್ನಿ. ಕೆ ಇದೆಯೇ, ಒ ಇದೆಯೇ ಎಂದು ಒಂದೊಂದಾಗಿ ಸೋಸಿದರೆ ಎಷ್ಟು ಸಲ ಇದೆ ಎಂಬ ಲೆಕ್ಕ ತಪ್ಪಿಹೋಗುತ್ತದೆ. ಜೋಡಿಸಿದ ರೂಪದಲ್ಲಾದರೆ ಕೆ, ಕೆ, ಒ, ಒ ಇದೇ ಕ್ರಮದಲ್ಲಿ ಬರುತ್ತವೆಯೇ ಎಂದಷ್ಟೇ ನೋಡಿದರಾಯಿತು. ನಡುನಡುವೆ ಬೇರೆ ಏನಿದ್ದರೂ ಅಡ್ಡಿಯಿಲ್ಲ. ಕಡತದಲ್ಲಿ ಬೇಕಾದ ಸಾಲು ಹುಡುಕಿಕೊಡುವ ಗ್ರೆಪ್ ಎಂಬ ಕಂಪ್ಯೂಟರ್ ಆದೇಶದಲ್ಲಿ ಎರಡು ಅಕ್ಷರಗಳ ನಡುವೆ ಚುಕ್ಕಿ ಮತ್ತು ನಕ್ಷತ್ರ ಹಾಕಿದರೆ ‘ಏನಾದರೂ ಇರಲಿ’ ಎಂದರ್ಥ. ಬುಕ್‌ಕೀಪರ್ ತಕ್ಷಣ ಬಲೆಗೆ ಬೀಳುತ್ತದೆ. ಎರಡನೆಯ ಜಾತಿಯ ಪ್ರಶ್ನೆಗೂ ಇದೇ ರೂಪ ಸಾಕು: ಪ್ರತಿ ಅಕ್ಷರದ ನಂತರ ‘ಇದ್ದರೂ ಸರಿ, ಇಲ್ಲದಿದ್ದರೂ ಸರಿ’ ಎನ್ನುವ ಪ್ರಶ್ನಾರ್ಥಕ ಚಿಹ್ನೆ ಇಟ್ಟು, ಮೊದಲಿನಿಂದ ಕೊನೆಯವರೆಗೆ ಪೂರ್ತಿ ಹೊಂದಬೇಕೆಂದು ಹೇಳಿದರೆ, ಆ ಅಕ್ಷರಗಳಿಂದಷ್ಟೇ ಆಗುವ ಚಿಕ್ಕ ದೊಡ್ಡ ಪದಗಳೆಲ್ಲ ಬರುತ್ತವೆ. ಮೂರನೆಯ ಪ್ರಶ್ನೆಗೆ ಮಾತ್ರ ಜೋಡಣೆ ಬೇಡ, ಮೂಲ ಪದದ ಮೇಲೆಯೇ ಗ್ರೆಪ್ ಓಡಿಸಬೇಕು.

ಯಾವ ಅಕ್ಷರವಾಗಿಯಾದರೂ ಬಳಸಬಹುದಾದ ಸ್ಕ್ರ್ಯಾಬಲ್‌ನ ಖಾಲಿ ಬಿಲ್ಲೆ ಕೈಗೆ ಬಂದರೆ 26 ಅಕ್ಷರಗಳನ್ನೂ ಒಂದೊಂದಾಗಿ ಸೇರಿಸಿ ನೋಡುತ್ತೇನೆ. ಮೇಲಿನ ಇ-ಐ-ಎಲ್-ಎನ್-ಎಸ್-ಟಿ ಎಂಬ ಆರು ಅಕ್ಷರಗಳಿಗೆ ಜಿ ಸೇರಿದರೆ ಗ್ಲಿಸನ್, ಸಿಂಗ್ಲೆಟ್, ಟಿಂಗಲ್ಸ್. ಎ ಸೇರಿದರೆ ಸೇಲಿಯಂಟ್, ಎಂಟೇಲ್ಸ್. ಕೈಯಲ್ಲಿರುವ ಏಳೂ ಬಿಲ್ಲೆ ಒಂದೇ ಸಲ ಇಳಿಸಿದರೆ 50 ಅಂಕ ಹೆಚ್ಚುವರಿ. ಹಾಗಾಗಿ ಇಂಥ ಆರರ ಗುಂಪುಗಳನ್ನು ಬಾಯಿಪಾಠ ಮಾಡುವುದು ಸಾರ್ಥಕ ಎಂದೇ ನನ್ನ ಅಭಿಪ್ರಾಯ.

ಪದಪಟ್ಟಿಯ ವಿಷಯದಲ್ಲಿ ಎಚ್ಚರ ಬೇಕು. ಮ್ಯಾಕ್ ಕಂಪ್ಯೂಟರುಗಳ ಜೊತೆಗೇ ಬರುವ ಪಟ್ಟಿ 1934ರ ವೆಬ್‌ಸ್ಟರ್ ನಿಘಂಟಿನಿಂದ ತೆಗೆದದ್ದು. ಸುಮಾರು 2,35,000 ಪದಗಳಿದ್ದರೂ ಬಹುವಚನಗಳು, ಕ್ರಿಯಾಪದದ ಬೇರೆ ಬೇರೆ ರೂಪಗಳು ಅದರಲ್ಲಿ ಬಹುಮಟ್ಟಿಗೆ ಇಲ್ಲ. ಆಟಕ್ಕೆ ಅದು ಒದಗದು. ಎನೇಬಲ್ ಎಂಬ ಉಚಿತ ಪಟ್ಟಿಯಲ್ಲಿ ಸುಮಾರು 1,73,000 ಪದಗಳಷ್ಟೇ ಇದ್ದರೂ ಆ ರೂಪಗಳು ಸೇರಿವೆ, ಮನೆಯ ಆಟಕ್ಕೆ ನಾನು ಬಳಸುವುದು ಅದನ್ನೇ. ಅಮೆರಿಕದ ಸ್ಪರ್ಧೆಗಳಲ್ಲಿ ಬಳಸುವ ಪಟ್ಟಿಗೆ ಕ್ಯೂ-ಐ ಎಂಬ ಎರಡಕ್ಷರದ ಪದ ಸೇರಿದ್ದು 2006ರಲ್ಲಿ. ಅದಕ್ಕಿಂತ ಹಳೆಯ ಪಟ್ಟಿ ಹಿಡಿದು ಕೂತವರಿಗೆ ಆ ಪದ ಸಿಗುವುದೇ ಇಲ್ಲ. ಆದ್ದರಿಂದ ಬಿಲ್ಲೆ ಹಂಚುವ ಮೊದಲೇ, ಇವತ್ತು ಯಾವ ಪಟ್ಟಿ ಎಂದು ಎಲ್ಲರೂ ಒಪ್ಪಿಕೊಂಡು ಕೂರುತ್ತೇವೆ.