84 ಎಂದರೆ ಡಿಸ್ಟಿಂಕ್ಷನ್ ಅಲ್ಲ: ಮಗುವಿನ ಬುದ್ಧಿಶಕ್ತಿ ಪರೀಕ್ಷೆಯ ವರದಿಯನ್ನು ಓದುವ ಕ್ರಮ

ಹದಿನಾಲ್ಕು ವರ್ಷಗಳ ಹಿಂದಿನ ಮಾತು. ಬಸ್ ಕಂಡಕ್ಟರ್ ಒಬ್ಬರು ಮೂರನೇ ತರಗತಿಯ ಮಗನನ್ನೂ ಹೆಂಡತಿಯನ್ನೂ ಕರೆದುಕೊಂಡು ಬಂದು, ಬೇರೆ ಕಡೆ ಮಾಡಿಸಿದ್ದ ಬುದ್ಧಿಶಕ್ತಿ ಪರೀಕ್ಷೆಯ ವರದಿಯನ್ನು ನನ್ನ ಮೇಜಿನ ಮೇಲಿಟ್ಟರು. ಕೊನೆಯ ಪುಟದಲ್ಲಿದ್ದ 84 ಎಂಬ ಅಂಕೆಯ ಸುತ್ತ ಯಾರೋ ಕೆಂಪು ಪೆನ್ನಿನಿಂದ ಗೆರೆ ಎಳೆದಿದ್ದರು.

"ಎಂಬತ್ನಾಲ್ಕು ಬಂದಿದೆ ಮೇಡಂ, ಡಿಸ್ಟಿಂಕ್ಷನ್. ಆದರೂ ಶಾಲೆಯವರು ಇವನಿಗೆ ಬುದ್ಧಿ ಸಾಲದು ಎನ್ನುತ್ತಾರಲ್ಲ?"

ಧಾರವಾಡದಲ್ಲಿ ಮಕ್ಕಳನ್ನು ಪರೀಕ್ಷಿಸುತ್ತಾ ನನಗೆ ಹತ್ತೊಂಬತ್ತು ವರ್ಷಗಳಾದವು. ಈ ಪ್ರಶ್ನೆ ಯಾವುದಾದರೂ ರೂಪದಲ್ಲಿ ಎದುರಾಗದ ತಿಂಗಳಿಲ್ಲ. ಮಗಳಿಗೆ 96 ಬಂದಾಗ "ಉಳಿದ ನಾಲ್ಕು ಎಲ್ಲಿ ಕಡಿಮೆಯಾಯಿತು?" ಎಂದು ಕೇಳಿದ ತಾಯಿಯೂ ಇದ್ದಾರೆ. ತಪ್ಪು ಅವರದಲ್ಲ. ಒಂದನೇ ತರಗತಿಯಿಂದ ನೂರಕ್ಕೆ ಎಷ್ಟು ಎಂದು ಲೆಕ್ಕ ಹಾಕಿ ಬೆಳೆದವರು ನಾವು. ಇಲ್ಲಿ 100 ಎಂಬುದು ತುದಿಯಲ್ಲ, ನಟ್ಟನಡುವೆ ಎಂದು ವರದಿ ಕೊಟ್ಟವರೇ ಕುಳಿತು ಹೇಳಬೇಕಿತ್ತು. ಹೆಚ್ಚಿನವರು ಹೇಳುವುದಿಲ್ಲ, ಹೊರಗೆ ಮುಂದಿನ ಮಗು ಕಾಯುತ್ತಿರುತ್ತದೆ.

ವರದಿ ಕೈಗೆ ಬಂದ ಕೂಡಲೇ ಕೊನೆಯ ಪುಟ ತೆರೆಯಬೇಡಿ. ಮೊದಲ ಪುಟದಲ್ಲಿರುವ ಎರಡು ದಿನಾಂಕಗಳನ್ನು ನೋಡಿ: ಮಗು ಹುಟ್ಟಿದ್ದು, ಪರೀಕ್ಷೆ ನಡೆದದ್ದು. ಆಮೇಲೆ ಪರೀಕ್ಷೆಯ ಹೆಸರು. ಕಂಡಕ್ಟರರ ಮಗನ ವರದಿಯಲ್ಲಿ ಇದ್ದದ್ದು ಬಿನೆ–ಕಾಮತ್ ಪರೀಕ್ಷೆ. ಇದರ ಲೆಕ್ಕ ಸರಳ, ಮನೆಯಲ್ಲೇ ತಾಳೆ ನೋಡಬಹುದು. ಮಗು ಯಾವ ವಯಸ್ಸಿನ ಮಕ್ಕಳ ಮಟ್ಟದ ಪ್ರಶ್ನೆಗಳವರೆಗೆ ಉತ್ತರಿಸಿತೋ ಅದು ಮಾನಸಿಕ ವಯಸ್ಸು. ಅದನ್ನು ನಿಜ ವಯಸ್ಸಿನಿಂದ ಭಾಗಿಸಿ 100ರಿಂದ ಗುಣಿಸಿದರೆ ಬರುವುದೇ ಐಕ್ಯೂ. 1912ರಲ್ಲಿ ಜರ್ಮನಿಯ ವಿಲಿಯಂ ಸ್ಟರ್ನ್ ಹಾಕಿಕೊಟ್ಟ ಭಾಗಾಕಾರವಿದು. ಈ ಹುಡುಗನ ಮಾನಸಿಕ ವಯಸ್ಸು 7 ವರ್ಷ, ಅಂದರೆ 84 ತಿಂಗಳು. ದಾಖಲೆಯ ವಯಸ್ಸು 8 ವರ್ಷ 4 ತಿಂಗಳು, ಅಂದರೆ 100 ತಿಂಗಳು. ಲೆಕ್ಕದಲ್ಲಿ ತಪ್ಪಿರಲಿಲ್ಲ.

ಹುಟ್ಟಿದ ದಿನಾಂಕದ ಮುಂದೆ ಜೂನ್ 1 ಎಂದಿತ್ತು. ಆ ಕಾಲದಲ್ಲಿ ನಮ್ಮ ಕಡೆ ಅರ್ಧ ಊರು ಹುಟ್ಟಿದ್ದೇ ಜೂನ್ 1ರಂದು. ಶಾಲೆಗೆ ಸೇರಿಸಿಕೊಳ್ಳುವಾಗ ಮಾಸ್ತರರು ಬರೆದುಕೊಂಡದ್ದೇ ಜನ್ಮದಿನ. "ಇವನು ನಿಜವಾಗಿ ಹುಟ್ಟಿದ್ದು ಯಾವಾಗ?" ಎಂದು ಕೇಳಿದೆ. ಅಲ್ಲಿಯವರೆಗೆ ತುಟಿ ಬಿಚ್ಚದಿದ್ದ ತಾಯಿ, "ಭಾರತ ಹುಣ್ಣಿಮೆಯ ಮರುದಿನ. ಎಲ್ಲಮ್ಮನ ಗುಡ್ಡಕ್ಕೆ ಹೋದ ಟ್ರ್ಯಾಕ್ಟರ್ ಇನ್ನೂ ಮರಳಿರಲಿಲ್ಲ" ಎಂದರು. ಭಾರತ ಹುಣ್ಣಿಮೆ ಎಂದರೆ ಫೆಬ್ರುವರಿಯ ಆಸುಪಾಸು. ಬರೆದಿದ್ದ ಜೂನ್‌ಗಿಂತ ಎಂಟು ತಿಂಗಳು ಆಮೇಲೆ! ಹುಡುಗನ ನಿಜ ವಯಸ್ಸು 92 ತಿಂಗಳು. 84ನ್ನು 92ರಿಂದ ಭಾಗಿಸಿ 100ರಿಂದ ಗುಣಿಸಿ, 91. ಹುಡುಗ ಕುರ್ಚಿಯಿಂದ ಏಳದೆಯೇ ಏಳು ಅಂಕ ಮೇಲೇರಿದ. ಈಗ ಜನನ ಪ್ರಮಾಣಪತ್ರ ಹೆಚ್ಚಿನವರ ಬಳಿ ಇರುವುದರಿಂದ ಇಂಥದ್ದು ಕಡಿಮೆ, ಆದರೂ ಆ ಸಾಲನ್ನು ಒಮ್ಮೆ ಓದಿಕೊಳ್ಳಿ.

ಇನ್ನು ಪರೀಕ್ಷೆಯ ಹೆಸರು ಏಕೆ ಮುಖ್ಯ ಎಂಬುದು. ಅಂಕ ಎಂದರೆ ಹೋಲಿಕೆ. ಯಾರೊಂದಿಗೆ ಹೋಲಿಸಿದ್ದಾರೆ ಎಂಬುದು ಗೊತ್ತಿಲ್ಲದೆ ಅಂಕಕ್ಕೆ ಅರ್ಥವಿಲ್ಲ. ಆಲ್ಫ್ರೆಡ್ ಬಿನೆ ಮತ್ತು ಥಿಯೋಡೋರ್ ಸಿಮೋನ್ 1905ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಪರೀಕ್ಷೆ ರೂಪಿಸಿದ್ದು, ಶಾಲೆಯಲ್ಲಿ ವಿಶೇಷ ನೆರವು ಬೇಕಾದ ಮಕ್ಕಳನ್ನು ಗುರುತಿಸುವುದಕ್ಕೆ. ಅದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಹೋಗಿ 1916ರಲ್ಲಿ ಹೊಸ ರೂಪ ಪಡೆಯಿತು. ಅಲ್ಲಿಂದ ಅದನ್ನು ನಮ್ಮ ಮಕ್ಕಳಿಗೆ ಒಗ್ಗಿಸಿದವರು ವಿ. ವಿ. ಕಾಮತ್, 1930ರ ದಶಕದಲ್ಲಿ, ಇದೇ ಧಾರವಾಡದಲ್ಲಿ, ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳನ್ನು ಕೂರಿಸಿಕೊಂಡು. ಊರಿನವಳಾಗಿ ನನಗೆ ಇದರ ಬಗ್ಗೆ ಹೆಮ್ಮೆಯಿದೆ. ಆದರೆ ಪರೀಕ್ಷೆ ಮಾಡುವವಳಾಗಿ ಹೇಳಬೇಕಾದ ಮಾತು ಬೇರೆ: ಈ ಪರೀಕ್ಷೆಯಲ್ಲಿ ನಿಮ್ಮ ಮಗುವನ್ನು ಹೋಲಿಸುವುದು ಪಕ್ಕದ ಬೆಂಚಿನವನೊಂದಿಗಲ್ಲ, ನಿಮ್ಮ ಅಜ್ಜನ ಓರಗೆಯವರೊಂದಿಗೆ. ಇಪ್ಪತ್ತನೇ ಶತಮಾನದಲ್ಲಿ ಹಲವು ದೇಶಗಳ ಜನರ ಅಂಕ ದಶಕಕ್ಕೆ ಸುಮಾರು ಮೂರರಂತೆ ಏರುತ್ತಾ ಬಂದದ್ದನ್ನು ಸಂಶೋಧಕ ಜೇಮ್ಸ್ ಫ್ಲಿನ್ 1980ರ ದಶಕದಲ್ಲಿ ಎತ್ತಿ ತೋರಿಸಿದರು. ಹಾಗಾಗಿ ಹಳೆಯ ಮಾನಕದ ಪರೀಕ್ಷೆ ಉದಾರವಾಗಿ ಅಂಕ ಕೊಡುವ ಸಂಭವ ಹೆಚ್ಚು. ಒಂದೇ ಮಗುವಿಗೆ ಒಂದು ಕಡೆ 91, ಇನ್ನೊಂದು ಕಡೆ ಹೊಸ ಪರೀಕ್ಷೆಯಲ್ಲಿ 82 ಬಂದರೆ "ಬುದ್ಧಿ ಇಳಿಯಿತು" ಎಂದು ಹೆದರಬೇಡಿ. ಅಳತೆಗೋಲು ಬದಲಾಗಿರುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ವೆಕ್ಸ್ಲರ್ ರೂಪಿಸಿದ ಮಾದರಿಯ ಪರೀಕ್ಷೆಗಳಲ್ಲಿ ಮಾನಸಿಕ ವಯಸ್ಸಿನ ಭಾಗಾಕಾರವಿಲ್ಲ. ಅದೇ ವಯಸ್ಸಿನ ಮಕ್ಕಳ ಸಾಲಿನಲ್ಲಿ ಈ ಮಗು ಎಲ್ಲಿ ನಿಲ್ಲುತ್ತದೆ ಎಂಬುದೇ ಅಂಕ. ಸಾಲಿನ ನಡುವೆ 100. ಮೂರರಲ್ಲಿ ಎರಡು ಪಾಲು ಮಕ್ಕಳು 85ರಿಂದ 115ರೊಳಗೆ ಬರುತ್ತಾರೆ. 70ಕ್ಕಿಂತ ಕೆಳಗೆ ನೂರಕ್ಕೆ ಇಬ್ಬರು, 130ರ ಮೇಲೆಯೂ ಸುಮಾರು ಅಷ್ಟೇ. ಸಿಇಟಿಯ ದೆಸೆಯಿಂದ ರ‍್ಯಾಂಕ್ ಎಂಬುದು ಎಲ್ಲರಿಗೂ ಗೊತ್ತು. ಇದನ್ನೂ ಅದೇ ಕಣ್ಣಿನಿಂದ ನೋಡಿ, ಶೇಕಡಾವಾರು ಅಂಕದ ಕಣ್ಣಿನಿಂದ ಬೇಡ.

ವರದಿಯಲ್ಲಿ ಅಂಕದ ಪಕ್ಕದಲ್ಲಿ ಒಂದು ವ್ಯಾಪ್ತಿ ಬರೆದಿರಬೇಕು, "92 (86–98)" ಎಂಬಂತೆ. ಚೆನ್ನಾಗಿ ರೂಪಿಸಿದ ಪರೀಕ್ಷೆಯಲ್ಲೂ ಐದಾರು ಅಂಕ ಆಚೀಚೆ ಆಗುವುದು ಸಹಜ. ಅಣ್ಣನಿಗೆ 97, ತಂಗಿಗೆ 93 ಎಂದು ಮನೆಯಲ್ಲಿ ಮಾತಾಡುವುದು ಅರ್ಥಹೀನ. ಆ ನಾಲ್ಕು ಅಂಕ ಬೆಳಗಿನ ತಿಂಡಿಯೂ ಇರಬಹುದು, ಬಸ್ಸಿನಲ್ಲಿ ನಿಂತು ಬಂದ ಆಯಾಸವೂ ಇರಬಹುದು. ವ್ಯಾಪ್ತಿ ಬರೆದಿಲ್ಲದ ವರದಿಯಾದರೆ ಕೇಳಿ ಬರೆಸಿಕೊಳ್ಳಿ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಓದಬೇಕಾದದ್ದು ಯಾರೂ ಓದದ ಭಾಗವನ್ನು: ಪರೀಕ್ಷೆಯ ವೇಳೆ ಮಗು ಹೇಗಿತ್ತು ಎಂಬ ನಾಲ್ಕು ಸಾಲು, ಮತ್ತು ಬಿಡಿಬಿಡಿ ಭಾಗಗಳ ಅಂಕ. ಒಮ್ಮೆ ತಾಂಡಾದ ಹುಡುಗಿಯೊಬ್ಬಳು ಅಜ್ಜಿಯ ಸೆರಗು ಹಿಡಿದು ಬಂದಳು. ಒಂಬತ್ತು ವರ್ಷ. ಮರದ ಹಲಗೆಯಲ್ಲಿ ಹತ್ತು ಆಕಾರಗಳ ಗುಳಿ. ಬಿಡಿಯಾಗಿ ರಾಶಿ ಹಾಕಿದ ನಕ್ಷತ್ರ, ವೃತ್ತ, ಶಿಲುಬೆ ಮುಂತಾದವನ್ನು ಅವುಗಳ ಜಾಗದಲ್ಲಿ ಕೂರಿಸಬೇಕು, ನನ್ನ ಕೈಯಲ್ಲಿ ಗಡಿಯಾರ. ಅವಳು ಎಡಗೈಯಿಂದ ಎತ್ತಿ ಬಲಗೈಯಿಂದ ಕೂರಿಸುತ್ತಾ, ಸದ್ದಿಲ್ಲದೆ ಮುಗಿಸಿ, ಹಲಗೆಯನ್ನು ನನ್ನ ಕಡೆ ತಳ್ಳಿದಳು. ಗಡಿಯಾರ ನೋಡಿ ನಾನೇ ಎರಡನೇ ಸಲ ನೋಡಿದೆ. ಪದಗಳ ಅರ್ಥ ಕೇಳಲು ಶುರು ಮಾಡಿದಾಗ ಅದೇ ಹುಡುಗಿ ಕಲ್ಲಾದಳು. ಕನ್ನಡ ಅವಳಿಗೆ ಶಾಲೆಯ ಭಾಷೆ, ಮನೆಯದು ಲಂಬಾಣಿ. ನಾನು ಕೇಳಿದ್ದನ್ನೇ ಅಜ್ಜಿ ತಮ್ಮ ಭಾಷೆಯಲ್ಲಿ ಕೇಳಿದರು. ಅವಳು ಕೈ ತಿರುಗಿಸುತ್ತಾ ಉದ್ದಕ್ಕೆ ಉತ್ತರ ಕೊಟ್ಟಳು. ಕೈಪಿಡಿಯ ನಿಯಮದಂತೆ ಆ ಉತ್ತರಕ್ಕೆ ಅಂಕ ಕೊಡುವಂತಿಲ್ಲ, ಕೊಡಲೂ ಇಲ್ಲ. ಮಾತಿನ ಭಾಗದಲ್ಲಿ 71, ಕೈಕೆಲಸದ ಭಾಗದಲ್ಲಿ 96. ಎರಡನ್ನೂ ಕೂಡಿಸಿ ಭಾಗಿಸಿದರೆ 83 ಚಿಲ್ಲರೆ, ಆ ಸಂಖ್ಯೆಯಲ್ಲಿ ಹುಡುಗಿ ಎಲ್ಲಿಯೂ ಇಲ್ಲ. ನಾನು ಒಟ್ಟು ಅಂಕ ಬರೆಯಲಿಲ್ಲ, ಅಜ್ಜಿ ಕೇಳಿದ್ದನ್ನು ಬರೆದೆ. ನಿಮ್ಮ ಮಗುವಿನ ವರದಿಯಲ್ಲಿ ಇಂಥ ಎರಡು ಭಾಗಗಳ ನಡುವೆ ಇಪ್ಪತ್ತಕ್ಕೂ ಹೆಚ್ಚು ಅಂತರವಿದ್ದರೆ ಒಟ್ಟು ಅಂಕವನ್ನು ಬದಿಗಿಟ್ಟು, "ಈ ಅಂತರ ಏಕೆ?" ಎಂದು ಕೇಳಿ. ಕಾರಣ ಭಾಷೆಯಾಗಿರಬಹುದು, ಕಿವಿ ಮಂದವಾಗಿರಬಹುದು. ಕಿವಿ ಮತ್ತು ಕಣ್ಣಿನ ತಪಾಸಣೆಯಿಲ್ಲದೆ ಬುದ್ಧಿ ಅಳೆಯಲು ಹೊರಡುವುದು ನನ್ನ ಪ್ರಕಾರ ಉಲ್ಟಾ ಕೆಲಸ.

ಓದು ಬರಹದಲ್ಲಿ ಮಾತ್ರ ತೊಡಕಿರುವ ಮಗುವಿನ ಐಕ್ಯೂ 105 ಇದ್ದೀತು. ಅದಕ್ಕೆ ಕಲಿಕಾ ನ್ಯೂನತೆಯ ಬೇರೆಯದೇ ಪರೀಕ್ಷೆ ಬೇಕು. ಬುದ್ಧಿ ಪರೀಕ್ಷೆ ಅಲ್ಲಿ ಅರ್ಧ ಉತ್ತರ.

ಅಂಕ 70ರ ಸುತ್ತಮುತ್ತ ಬಂದವರಿಗೆ ಒಂದು ಮಾತು. ಕಡಿಮೆ ಅಂಕವೊಂದರಿಂದಲೇ ಬೌದ್ಧಿಕ ನ್ಯೂನತೆ ಎಂದು ತೀರ್ಮಾನಿಸುವಂತಿಲ್ಲ. ಮಗು ತಾನೇ ಸ್ನಾನ ಮಾಡುತ್ತದೆಯೇ, ಅಂಗಡಿಗೆ ಹೋಗಿ ಚಿಲ್ಲರೆ ಸರಿಯಾಗಿ ತರುತ್ತದೆಯೇ, ರಸ್ತೆ ದಾಟುತ್ತದೆಯೇ ಎಂಬುದನ್ನು ನಿಮ್ಮನ್ನೇ ಕೇಳಿ ಅಳೆಯುವ ವೈನ್‌ಲ್ಯಾಂಡ್ ಎಂಬ ಇನ್ನೊಂದು ಮಾಪನವಿದೆ. ಅದು ವರದಿಯಲ್ಲಿ ಇಲ್ಲದಿದ್ದರೆ ವರದಿ ಮುಗಿದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೌಲಭ್ಯಗಳಿಗೆ ಮಿತಿಯಾಗಿ ಬರುವ ಶೇಕಡಾ 40 ಎಂಬುದು ನ್ಯೂನತೆಯ ಪ್ರಮಾಣ, ಐಕ್ಯೂ ಅಲ್ಲ. ಇವೆರಡನ್ನೂ ಬೆರೆಸಿಕೊಂಡು "ಐವತ್ತು ಬಂದಿದೆ, ಅರ್ಧ ಮಿದುಳು ಕೆಲಸ ಮಾಡುತ್ತದೆ" ಎಂದು ಅತ್ತವರನ್ನು ನೋಡಿದ್ದೇನೆ. "ಸ್ವಲ್ಪ ಕಡಿಮೆ ಬರೆಯಿರಿ ಮೇಡಂ, ಪಿಂಚಣಿ ಬರುತ್ತದೆ" ಎಂದವರನ್ನೂ. ಎರಡನೆಯವರ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಬರೆಯುವುದಿಲ್ಲ.

ಮೊಬೈಲಿನಲ್ಲಿ ಹತ್ತು ನಿಮಿಷದಲ್ಲಿ 138 ತೋರಿಸಿ, ಪ್ರಮಾಣಪತ್ರಕ್ಕೆ ಹಣ ಕೇಳುವ ಪರೀಕ್ಷೆಗಳನ್ನು ಜಾತ್ರೆಯ ತೂಕದ ಯಂತ್ರದಷ್ಟೇ ನಂಬಿ. ಪರೀಕ್ಷೆಗೆ ಮುನ್ನ ಪ್ರಶ್ನೆಗಳನ್ನು ಹುಡುಕಿ ಮಗುವಿಗೆ ಬಾಯಿಪಾಠ ಮಾಡಿಸಬೇಡಿ. ಅಂಕ ಏರುತ್ತದೆ, ಸಿಗಬೇಕಾದ ನೆರವು ತಪ್ಪುತ್ತದೆ. ಇಲ್ಲಿ ನಾನು ಒಂದೂ ಪ್ರಶ್ನೆಯನ್ನು ಬರೆಯದಿರುವುದಕ್ಕೂ ಅದೇ ಕಾರಣ. ಅದೇ ಪರೀಕ್ಷೆಯನ್ನು ವರ್ಷದೊಳಗೆ ಮತ್ತೆ ಮಾಡಿಸುವುದೂ ಬೇಡ, ಮಗುವಿಗೆ ನೆನಪಿರುತ್ತದೆ.

ಶಾಲೆಗೆ ಕೊಡುವಾಗ ಇಡೀ ವರದಿಯನ್ನು ಕೊಡಬೇಕಾಗಿಲ್ಲ. ಮಗುವಿಗೆ ಏನು ಸಹಾಯ ಬೇಕು ಎಂಬ ಪುಟವನ್ನು ಪ್ರತ್ಯೇಕ ಪತ್ರವಾಗಿ ಬರೆಸಿಕೊಳ್ಳಿ: ಮುಂದಿನ ಬೆಂಚು, ಹೆಚ್ಚುವರಿ ಸಮಯ, ಒಂದು ಸಲಕ್ಕೆ ಒಂದೇ ಸೂಚನೆ, ಏನಿದೆಯೋ ಅದು. ಸಂಖ್ಯೆ ಸ್ಟಾಫ್ ರೂಮಿಗೆ ಹೋದರೆ ಅದೇ ಮಗುವಿನ ಹೆಸರಾಗಿಬಿಡುತ್ತದೆ.

ಕಂಡಕ್ಟರರ ಮಗನಿಗೆ ನಾನು ಬರೆದುಕೊಟ್ಟದ್ದು ಅಂಥ ಒಂದು ಪತ್ರ. ಮೂರನೇ ತರಗತಿಯ ಗೆಳೆಯರಿಗಿಂತ ಎಂಟು ತಿಂಗಳು ಚಿಕ್ಕವನು, ಓದಿಗೆ ದಿನಕ್ಕೆ ಅರ್ಧ ಗಂಟೆ ಜೊತೆಗೆ ಕೂರುವವರು ಬೇಕು ಎಂದು. ತಂದೆ ಅದನ್ನು ಟಿಕೆಟ್ ಚೀಲದಲ್ಲಿ ಜೋಪಾನವಾಗಿಟ್ಟುಕೊಂಡು ಎದ್ದವರು, ಬಾಗಿಲ ಬಳಿ ನಿಂತು, "ಆ ಜೂನ್ 1 ತಿದ್ದಿಸುವುದು ಎಲ್ಲಿ ಮೇಡಂ?" ಎಂದರು. ಅದಕ್ಕೆ ಮಾತ್ರ ನನ್ನ ಬಳಿ ಉತ್ತರವಿರಲಿಲ್ಲ.