ಗೇಜ್ ಅಂದರೆ ಯಾವ ಗೇಜ್?

ಯಾದಗಿರಿಯಲ್ಲಿ ನನ್ನದು ಮೋಟರ್ ವೈಂಡಿಂಗ್ ಅಂಗಡಿ. ಭೀಮಾ ದಂಡೆಯ ಊರುಗಳಿಂದ ಸುಟ್ಟ ಪಂಪ್‌ಸೆಟ್ ಮೋಟರ್‌ಗಳು ಬರುತ್ತವೆ. ಬೇಸಿಗೆಯಲ್ಲಿ ವೋಲ್ಟೇಜ್ ಬಿದ್ದರೆ, ಮೂರು ಫೇಸ್‌ನಲ್ಲಿ ಒಂದು ಹೋದರೆ ಕೆಲಸ ಇನ್ನೂ ಜಾಸ್ತಿ. ಈ ಕೆಲಸದಲ್ಲಿ ಬೆಳಗಿನಿಂದ ಸಂಜೆವರೆಗೆ ಬಾಯಲ್ಲಿ ಇರುವ ಮಾತು ಗೇಜ್, ಅಂದರೆ ತಂತಿಯ ದಪ್ಪ ಹೇಳುವ ನಂಬರ್. ಅದನ್ನು ಸರಿಯಾಗಿ ತಿಳಿದುಕೊಂಡ ಮೇಲೆ ನಾನು ಮೋಟರ್ ಕಟ್ಟುವ ರೀತಿಯೇ ಬದಲಾಯಿತು.

ರೈತರು ಹೇಳುವುದು ಹೀಗೆ: "ಅಣ್ಣಾ, ಹೋದ ಸಲ ಹದಿನೆಂಟು ಗೇಜಿನ ತಂತಿ ಹಾಕಿದ್ರಿ, ಸುಟ್ಟು ಹೋತು. ಈ ಸಲ ಇಪ್ಪತ್ತರದು ಹಾಕ್ರಿ. ರೊಕ್ಕ ಜಾಸ್ತಿ ಆದ್ರೂ ನಡೀತದ." ನಾನು ಎರಡೂ ತಂತಿಯ ತುಂಡು ಅವರ ಕೈಗೆ ಕೊಡುತ್ತೇನೆ. "ನೀವೇ ನೋಡ್ರಿ ಕಾಕಾ, ಯಾವುದು ದಪ್ಪ ಅದ?" ಹದಿನೆಂಟು 1.22 ಮಿ.ಮೀ., ಇಪ್ಪತ್ತು 0.91 ಮಿ.ಮೀ. ನಂಬರ್ ಏರಿದಂತೆ ತಂತಿ ಸಣ್ಣ ಆಗುತ್ತದೆ.

ಯಾಕೆ ಉಲ್ಟಾ? ತಂತಿ ಮಾಡುವ ರೀತಿಯಲ್ಲೇ ಕಾರಣ ಇದೆ. ದಪ್ಪ ಸರಳನ್ನು ಅಚ್ಚಿನ ತೂತಿನಲ್ಲಿ ತೂರಿಸಿ ಎಳೆಯುತ್ತಾರೆ. ಆಮೇಲೆ ಅದಕ್ಕಿಂತ ಸಣ್ಣ ತೂತು, ಆಮೇಲೆ ಇನ್ನೂ ಸಣ್ಣದು. ಎಳೆದಷ್ಟೂ ನಂಬರ್ ಏರುತ್ತದೆ, ತಂತಿ ಸಣ್ಣ ಆಗುತ್ತದೆ. ಹಿಂದೆ ಬ್ರಿಟನ್ನಿನಲ್ಲಿ ಕಾರ್ಖಾನೆಗೊಂದು ಲೆಕ್ಕ ಇತ್ತು. 1884ರಿಂದ ಎಸ್‌ಡಬ್ಲ್ಯೂಜಿ (ಸ್ಟ್ಯಾಂಡರ್ಡ್ ವೈರ್ ಗೇಜ್) ಅನ್ನುವ ಒಂದೇ ಪಟ್ಟಿ ಅಲ್ಲಿ ಕಾನೂನಿನ ಅಳತೆ ಆಯಿತು. ನಮ್ಮ ಅಂಗಡಿಯ ಗೋಡೆ ಮೇಲೆ ಇರುವುದು ಅದೇ ಪಟ್ಟಿ.

ಗೇಜ್ ಅನ್ನುವುದು ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದದ್ದು. ಅಳತೆ, ಅಳೆಯುವ ಕೋಲು ಅಂತ ಅರ್ಥ. ಪೀಪಾಯಿಯಲ್ಲಿ ಎಷ್ಟು ಮದ್ಯ ಇದೆ ಅಂತ ಕೋಲು ಇಳಿಸಿ ನೋಡುವವರನ್ನು ಗೇಜರ್ ಅನ್ನುತ್ತಿದ್ದರು. ಅಲ್ಲಿಂದ ಅದು ಎಲ್ಲೆಲ್ಲೋ ಹರಡಿತು. ನಮ್ಮ ಯಾದಗಿರಿ ಸ್ಟೇಷನ್ನಿನಲ್ಲಿ ಬ್ರಾಡ್ ಗೇಜ್ ಅಂದರೆ ಎರಡು ಹಳಿಗಳ ನಡುವಿನ 1676 ಮಿ.ಮೀ. ಅಂತರ. ಅಲ್ಲಿ ನಂಬರ್ ನೇರ, ಅಗಲ ಆದರೆ ಅಂಕಿ ದೊಡ್ಡದು. ಬಂದೂಕಿನಲ್ಲಿ ಮತ್ತೆ ಉಲ್ಟಾ. ನಳಿಕೆಗೆ ಸರಿಹೊಂದುವ ಸೀಸದ ಗುಂಡು ಹನ್ನೆರಡು ಸೇರಿದರೆ ಒಂದು ಪೌಂಡ್, ಅದಕ್ಕೇ ಹನ್ನೆರಡು ಗೇಜ್. ಪ್ರೆಷರ್ ಗೇಜ್, ಮಳೆ ಅಳೆಯುವ ರೇನ್ ಗೇಜ್ ಅಂದಾಗ ಅದು ಅಳೆಯುವ ಸಾಧನದ ಹೆಸರು. ತಂತಿ ಅಳೆಯಲು ನಾನು ಬಳಸುವ ಮೈಕ್ರೋಮೀಟರಿಗೂ ಕಾಲೇಜಿನ ಲ್ಯಾಬಿನಲ್ಲಿ ಸ್ಕ್ರೂ ಗೇಜ್ ಅಂತಲೇ ಅನ್ನುತ್ತಾರೆ.

ಈಗ ನಾನು ಕೆಲಸ ಮಾಡುವ ರೀತಿ ಹೇಳುತ್ತೇನೆ. ಮೋಟರ್ ಬಿಚ್ಚಿದ ಮೇಲೆ ಸುಟ್ಟ ಕಾಯಿಲ್ ಕತ್ತರಿಸಿ ಟರ್ನ್ಸ್, ಅಂದರೆ ಎಷ್ಟು ಸುತ್ತು ಇದೆ ಅಂತ ಎಣಿಸುತ್ತೇನೆ. ಒಂದು ಗೇಣು ನೇರ ತಂತಿ ತೆಗೆದು ಅದರ ಮೇಲಿನ ಎನಾಮಲ್ ಲೇಪ ಲೈಟರ್‌ನಲ್ಲಿ ಸುಟ್ಟು ಬಟ್ಟೆಯಿಂದ ಒರೆಸುತ್ತೇನೆ. ಸ್ಯಾಂಡ್‌ಪೇಪರ್ ಹಾಕುವುದಿಲ್ಲ, ತಾಮ್ರವೇ ಸವೆಯುತ್ತದೆ. ಎನಾಮಲ್ ಸಮೇತ ಅಳೆದರೂ ಲೆಕ್ಕ ತಪ್ಪುತ್ತದೆ, ತಂತಿ ಇರುವುದಕ್ಕಿಂತ ದಪ್ಪ ತೋರಿಸುತ್ತದೆ. ಎರಡು ಮೂರು ಕಡೆ ಅಳೆದು ಮಿ.ಮೀ. ಬರೆದುಕೊಳ್ಳುತ್ತೇನೆ. ಗೇಜ್ ನಂಬರ್ ಅದರ ಪಕ್ಕದಲ್ಲಿ, ಆಮೇಲೆ.

ಮಿ.ಮೀ. ಕೈಯಲ್ಲಿದ್ದರೆ ದೊಡ್ಡ ಅನುಕೂಲ ಇದೆ. ಹದಿನೆಂಟರ ತಂತಿ ಸ್ಟಾಕ್ ಇಲ್ಲ ಅಂದುಕೊಳ್ಳಿ. ಇಪ್ಪತ್ತರದು ಒಂದು ಎಳೆ, ಇಪ್ಪತ್ತೊಂದರದು ಒಂದು ಎಳೆ ಜೋಡಿಸಿ ಸುತ್ತಿದರೆ ಆಯಿತು. ಹದಿನೆಂಟರ ತಾಮ್ರದ ವಿಸ್ತೀರ್ಣ 1.17 ಚದರ ಮಿ.ಮೀ. ಇಪ್ಪತ್ತರದು 0.66, ಇಪ್ಪತ್ತೊಂದರದು 0.52. ಕೂಡಿಸಿದರೆ 1.18. ಹೆಚ್ಚುಕಮ್ಮಿ ಅಷ್ಟೇ. ಎಳೆ ಸಣ್ಣ ಇರುವುದರಿಂದ ಮೋಟರಿನ ಸ್ಲಾಟಿನೊಳಗೆ (ತಂತಿ ಕೂರುವ ಸಂದಿ) ಬಾಗಿಸುವುದೂ ಸುಲಭ. ಗೇಜ್ ನಂಬರನ್ನೇ ಕೂಡಿಸಿ ಕಳೆದು ನೋಡಿದರೆ ಈ ಲೆಕ್ಕ ಎಂದೂ ಹೊಂದುವುದಿಲ್ಲ.

ಮನೆ ವೈರಿಂಗ್ ಮಾಡುವ ಹಿರಿಯರು ಇಂದಿಗೂ "ತ್ರೀ ಟ್ವೆಂಟಿ", "ಸೆವೆನ್ ಟ್ವೆಂಟಿ" ಅನ್ನುತ್ತಾರೆ. ಇಪ್ಪತ್ತು ಗೇಜಿನ ಮೂರು ಎಳೆ, ಏಳು ಎಳೆ ಅಂತ. ಅಂಗಡಿಯಲ್ಲಿ ಈಗ ಸಿಗುವುದು ಒಂದೂವರೆ, ಎರಡೂವರೆ, ನಾಲ್ಕು ಚದರ ಮಿ.ಮೀ. ಲೆಕ್ಕದ ವೈರ್. ಬೋರ್‌ವೆಲ್ ಸಬ್‌ಮರ್ಸಿಬಲ್ ಮೋಟರಿನ ಪ್ಲಾಸ್ಟಿಕ್ ಹೊದಿಕೆಯ ತಂತಿಯೂ ಮಿ.ಮೀ. ಲೆಕ್ಕದಲ್ಲೇ ಬರುತ್ತದೆ. ಹಳೆಯ ಭಾಷೆ, ಹೊಸ ಭಾಷೆ ಎರಡೂ ಬರಬೇಕು, ಇಲ್ಲಾಂದ್ರೆ ಕೇಳಿದ್ದೊಂದು ತಂದಿದ್ದೊಂದು ಆಗುತ್ತದೆ.

ನನ್ನ ಹತ್ತಿರ ಕೆಲಸ ಕಲಿಯಲು ಬರುವ ಹುಡುಗರು ಮೊಬೈಲಿನಲ್ಲಿ ವೈಂಡಿಂಗ್ ಚಾರ್ಟ್ ಹುಡುಕುತ್ತಾರೆ. ಒಳ್ಳೆಯದೇ. ಆದರೆ ಅದರಲ್ಲಿ ಎಷ್ಟೋ ಅಮೆರಿಕದ ಎಡಬ್ಲ್ಯೂಜಿ (ಅಮೆರಿಕನ್ ವೈರ್ ಗೇಜ್) ಲೆಕ್ಕದವು. ಅವರ ಇಪ್ಪತ್ತು 0.81 ಮಿ.ಮೀ., ಅಂದರೆ ನಮ್ಮ ಇಪ್ಪತ್ತೊಂದು. ನಮ್ಮ ಇಪ್ಪತ್ತರ ಜಾಗದಲ್ಲಿ ಅವರ ಇಪ್ಪತ್ತು ಹಾಕಿದರೆ ತಾಮ್ರ ಐದರಲ್ಲಿ ಒಂದು ಪಾಲು ಕಡಿಮೆ ಆಗುತ್ತದೆ. ಮೋಟರ್ ತಿರುಗುತ್ತದೆ, ನೀರೂ ಎತ್ತುತ್ತದೆ. ಆದರೆ ಲೋಡ್ ಮೇಲೆ ಬಿಸಿ ಏರುತ್ತದೆ, ಕಡು ಬೇಸಿಗೆಯಲ್ಲಿ ತಾಳುವುದಿಲ್ಲ. ಹಾಗಾಗಿ ನನ್ನ ಅಂಗಡಿಯಲ್ಲಿ ಬರೀ "ಇಪ್ಪತ್ತು ಗೇಜ್" ಅಂತ ಬರೆಯುವ ಹಾಗಿಲ್ಲ. ತಂತಿ ಸುತ್ತಿದ ಬಾಬಿನ್ ಮೇಲೆ ಅಂಟಿಸುವ ಚೀಟಿಯಲ್ಲಿ ಎಸ್‌ಡಬ್ಲ್ಯೂಜಿ 20, ಅದರ ಕೆಳಗೆ 0.914 ಮಿ.ಮೀ. ಎರಡೂ ಇರಬೇಕು.