ಸಂಡಿಗೆ ಹಾಕಲು ಹತ್ತಿದಾಗ ಮಾಳಿಗೆಯನ್ನೂ ನೋಡಿ

ಬೇಸಿಗೆ ಬಂತೆಂದರೆ ಸಂಡಿಗೆ, ಹಪ್ಪಳ, ಮೆಣಸಿನಕಾಯಿ ಒಣಗಿಸಲು ಮಾಳಿಗೆ, ಅಂದರೆ ಮನೆಯ ಚಾವಣಿ ಹತ್ತುತ್ತೇವೆ. ಹಳೇ ಸೀರೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು ಇಳಿದುಬಿಡುತ್ತೇವೆ. ಕಾಲ ಕೆಳಗೆ ಏನಾಗಿದೆ ಅಂತ ಯಾರು ನೋಡುತ್ತಾರೆ? ನಾನೂ ಬಹಳ ವರ್ಷ ನೋಡಲಿಲ್ಲ. ಈಗ ಮೊದಲು ಮಾಳಿಗೆ, ಆಮೇಲೆ ಸಂಡಿಗೆ. ಜೂನ್ ಮೊದಲ ವಾರ ದಾಟಿದರೆ ಮಿರಗ, ಅಂದರೆ ಮೃಗಶಿರಾ ಮಳೆ ಕೂಡುತ್ತದೆ. ಅದರೊಳಗೆ ಕೆಲಸ ಮುಗಿಯಬೇಕೆಂದರೆ ಏಪ್ರಿಲ್‌ನಲ್ಲೇ ನೋಡಬೇಕು. ನಮ್ಮ ಕಲಬುರಗಿ ಕಡೆ ಜೋರು ಮಳೆ ಹುಬ್ಬಾ, ಉತ್ತರಾ ನಕ್ಷತ್ರಗಳ ಹೊತ್ತಿಗೆ, ಸೆಪ್ಟೆಂಬರ್‌ನಲ್ಲಿ. ಆಗ ಸೋರಿದರೆ ತಾಡಪತ್ರಿ ಹೊದಿಸಿ ಬುಟ್ಟಿ ಇಡುವುದೊಂದೇ ದಾರಿ.

ಒಂದು ಮಾತು ಮೊದಲೇ ಹೇಳುತ್ತೇನೆ. ಸೋರುವ ಮಾಳಿಗೆ ಬೇರೆ, ಬೀಳುವ ಮಾಳಿಗೆ ಬೇರೆ. ಸೋರುವುದು ನೀರು ದಾರಿ ತಪ್ಪಿದ್ದಕ್ಕೆ. ಬೀಳುವುದು ಭಾರ ಹೊತ್ತ ತೊಲೆಯೋ ಕಾಂಕ್ರೀಟಿನೊಳಗಿನ ಕಬ್ಬಿಣದ ಕಂಬಿಯೋ ಸೋತಾಗ. ಹನಿ ತಟಕ್ ಅಂದರೆ ಓಡಿ ಬರುವ ನಾವು ತೊಲೆ ಬಾಗಿದ್ದನ್ನು ದಿನಾ ನೋಡುತ್ತ ಅದರ ಕೆಳಗೇ ಮಲಗುತ್ತೇವೆ.

ಚಿತ್ತಾಪುರದ ಹತ್ತಿರ ನಮ್ಮದು ಹಳೇ ಮಣ್ಣಿನ ಮಾಳಿಗೆಯ ಮನೆ. ಬೇವಿನ ತೊಲೆ, ಮೇಲೆ ಅಡ್ಡಕ್ಕೆ ಸಣ್ಣ ಮರದ ಜಂತಿ, ಅದರ ಮೇಲೆ ತೊಗರಿ ಕಟ್ಟಿಗೆ, ಎಲ್ಲಕ್ಕೂ ಮೇಲೆ ಉಪ್ಪು-ಕ್ಷಾರದ ಸವಳು ಮಣ್ಣು. ಸವಳು ಮಣ್ಣೇ ಯಾಕೆ ಅಂದರೆ, ಅದು ನೆನೆದಾಗ ಸಣ್ಣ ಕಣ ಬಿಚ್ಚಿಕೊಂಡು ಸಂದುಗಳನ್ನು ಮುಚ್ಚುತ್ತವೆ. ನೀರು ಕೆಳಗಿಳಿಯುವುದಿಲ್ಲ. ಹುಲ್ಲೂ ಸುಲಭಕ್ಕೆ ಬೆಳೆಯುವುದಿಲ್ಲ. ನಿಮ್ಮ ಮಾಳಿಗೆಯ ಮೇಲೆ ಹುಲ್ಲು ಹಸಿರಾಗಿ ಬಂದಿದ್ದರೆ ಮಣ್ಣಿನ ಸವಳು ತೊಳೆದು ಹೋಗಿದೆ ಅಂತ ತಿಳಿಯಿರಿ. ಆ ಹುಲ್ಲಿನ ಬೇರಿನ ಗುಂಟವೇ ನೀರು ಇಳಿಯುತ್ತದೆ.

ನಮ್ಮ ಮಾವನವರು ಶಿಸ್ತಿನ ಮನುಷ್ಯ. ಸೋರಲಿ ಬಿಡಲಿ, ಪ್ರತಿ ವರ್ಷ ಮಳೆಗೆ ಮುಂಚೆ ಒಂದು ಪದರ ಹೊಸ ಮಣ್ಣು ಹಾಕಿಸುತ್ತಿದ್ದರು. ಹಳೇ ಮಣ್ಣು ತೆಗೆಸಲಿಲ್ಲ. ಲೆಕ್ಕ ಹಾಕಿ ನೋಡಿ. 10 ಅಡಿ ಉದ್ದ, 10 ಅಡಿ ಅಗಲದ ಕೋಣೆಯ ಮೇಲೆ ಒಂದು ಇಂಚು ಮಣ್ಣೆಂದರೆ ಸುಮಾರು 4 ಕ್ವಿಂಟಲ್. ನೆನೆದರೆ ಇನ್ನೂ ಜಾಸ್ತಿ. ಕೊನೆಗೊಮ್ಮೆ ಬಿಚ್ಚಿಸಿದಾಗ ಅಡುಗೆ ಕೋಣೆಯ ಮೇಲೆ ಒಂದು ಮೊಳ (18 ಇಂಚು) ಮಣ್ಣಿತ್ತು. ಅಂದರೆ ಸುಮಾರು 70 ಕ್ವಿಂಟಲ್! ಅಷ್ಟು ತೂಕದ ಕೆಳಗೆ ಕೂತು ನಾನು ಇಷ್ಟು ವರ್ಷ ರೊಟ್ಟಿ ಬಡಿದಿದ್ದೇನೆ. ಬಿಚ್ಚಿಸುವುದಕ್ಕೂ ಒಂದು ಕಾರಣ ಬೇಕಾಯಿತು. ರಾತ್ರಿ ಮೇಲಿನಿಂದ ಲಟ್ ಅಂತ ಸದ್ದು, ಬೆಳಿಗ್ಗೆ ಹಾಸಿಗೆಯ ಮೇಲೆ ಸಣ್ಣ ಮಣ್ಣು. ಎರಡೂ ಒಟ್ಟಿಗೆ ಕಂಡರೆ ಆ ಕೋಣೆಯಲ್ಲಿ ಇನ್ನೊಂದು ರಾತ್ರಿ ಮಲಗಬೇಡಿ. ಗೌಂಡಿ (ಮನೆ ಕಟ್ಟುವ ಮೇಸ್ತ್ರಿ) ಬರುವವರೆಗೆ ಹಾಸಿಗೆ ಅಂಗಳಕ್ಕೆ ಹೋಗಲಿ.

ತೊಲೆ ನೋಡುವ ಬಗೆ ಹೇಳುತ್ತೇನೆ ಕೇಳಿ. ನಡುವೆ ನೋಡಿ ಗಟ್ಟಿಯಿದೆ ಅಂತ ಸುಮ್ಮನಾಗಬೇಡಿ. ತೊಲೆ ಕೊಳೆಯುವುದು ಗೋಡೆಯೊಳಗೆ ಹೊಕ್ಕ ತುದಿಯಲ್ಲಿ. ಅಲ್ಲಿ ತೇವ ನಿಲ್ಲುತ್ತದೆ, ಗಾಳಿ ಆಡುವುದಿಲ್ಲ, ಗೆದ್ದಲೂ ಅಲ್ಲಿಂದಲೇ ಹತ್ತುತ್ತದೆ. ಚೀಲ ಹೊಲಿಯುವ ದಬ್ಬಣ ಇರುತ್ತದಲ್ವಾ, ಅದನ್ನು ಆ ತುದಿಗೆ ಒತ್ತಿ. ಚುಚ್ಚದೆ ನಿಂತರೆ ಒಳ್ಳೆಯದು. ಮೆತ್ತನೆ ಬೆಲ್ಲಕ್ಕೆ ಇಳಿದ ಹಾಗೆ ಇಳಿದರೆ ಆ ತೊಲೆಯ ಕಥೆ ಮುಗಿಯಿತು. ಮೇಲೆ ಎಷ್ಟು ಮಣ್ಣು ಹಾಕಿದರೂ ಅದು ಉಳಿಯುವುದಿಲ್ಲ, ಇನ್ನೂ ಬೇಗ ಬೀಳುತ್ತದೆ. ಬಾಗಿದ ತೊಲೆಗೆ ಈ ಗೋಡೆಯಿಂದ ಆ ಗೋಡೆಗೆ ದಾರ ಎಳೆದು ಕಟ್ಟಿ, ನಡುವೆ ಎಷ್ಟು ಇಳಿದಿದೆ ಅಳೆದು, ಗೋಡೆಯ ಮೇಲೆ ತಾರೀಖಿನ ಸಮೇತ ಬರೆದಿಡಿ. ಹಳೇ ಮರ ಸ್ವಲ್ಪ ಬಾಗಿಯೇ ಇರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಆರು ತಿಂಗಳಲ್ಲಿ ಅಳತೆ ಬೆಳೆದರೆ ಮಾತ್ರ ತಡ ಮಾಡಬೇಡಿ.

ಶಹಾಬಾದ್ ಫರಸಿ, ಅಂದರೆ ಚಪ್ಪಡಿ ಕಲ್ಲು ಹೊದಿಸಿದ ಮಾಳಿಗೆಗೆ ಈ ಲೆಕ್ಕ ನಡೆಯುವುದಿಲ್ಲ. ಮರ ಬಾಗಿ ಹೇಳುತ್ತದೆ. ಕಲ್ಲು ಬಾಗುವುದಿಲ್ಲ, ಒಮ್ಮೆಲೇ ಮುರಿಯುತ್ತದೆ. ಕೆಳಗಿನಿಂದ ಟಾರ್ಚ್ ಹಿಡಿದು ಒಂದೊಂದೇ ಫರಸಿ ನೋಡಿ. ಸಂದಿನ ಗಚ್ಚು ಉದುರಿದ್ದರೆ ಮತ್ತೆ ತುಂಬಿಸಿದರೆ ಸಾಕು. ಫರಸಿಯ ನಡುವೆಯೇ ಕೂದಲೆಳೆಯಷ್ಟು ಬಿರುಕು ಕಂಡರೆ ಸಿಮೆಂಟ್ ಬಳಿದು ಸಮಾಧಾನ ಮಾಡಿಕೊಳ್ಳಬೇಡಿ, ಆ ಒಂದು ಕಲ್ಲನ್ನು ಬದಲಿಸಿ. ಕಲ್ಲು ನಮ್ಮ ಜಿಲ್ಲೆಯಲ್ಲೇ ಸಿಗುವಾಗ ಇದರಲ್ಲಿ ಜಿಪುಣತನ ಯಾಕೆ?

ಪತ್ರಾ, ಅಂದರೆ ತಗಡಿನ ಚಾವಣಿಯ ಮನೆಯವರಿಗೆ ಸುಲಭ. ಮಟಮಟ ಮಧ್ಯಾಹ್ನ ಬಾಗಿಲು ಕಿಟಕಿ ಮುಚ್ಚಿ ಮೇಲೆ ನೋಡಿ. ತೂತಿದ್ದಲ್ಲಿ ಚುಕ್ಕಿ ಬೆಳಕು ಕಾಣುತ್ತದೆ. ಬೋಲ್ಟಿನ ಸುತ್ತ ಮಾತ್ರ ಕಂಡರೆ ವಾಷರ್ ಬದಲಿಸಿ. ತಗಡಿನ ತುಂಬ ಚುಕ್ಕಿ ಇದ್ದರೆ ಡಾಂಬರು ಹಚ್ಚುವುದು ದುಡ್ಡು ದಂಡ, ತಗಡೇ ಬದಲಿಸಿ. ಗಾಳಿಗೆ ಹಾರಬಾರದೆಂದು ಮೇಲೆ ಕಲ್ಲು ಹೇರುತ್ತೇವಲ್ಲ, ಆ ಕಲ್ಲಿನ ಅಡಿಯಲ್ಲೇ ತೇವ ನಿಂತು ತುಕ್ಕು ಶುರುವಾಗುತ್ತದೆ. ಮೇ ತಿಂಗಳ ಬಿರುಗಾಳಿಗೆ ತಗಡು ಎದ್ದರೆ ಕಲ್ಲು ತಲೆ ಮೇಲೇ ಬೀಳುತ್ತದೆ. ಕಲ್ಲು ಇಳಿಸಿ, ಬೋಲ್ಟ್ ಬಿಗಿಸಿ.

ಇನ್ನು ಸ್ಲ್ಯಾಬ್. ಕಲಬುರಗಿಗೆ ಬಂದ ಮೇಲೆ ನಮಗೂ ಸ್ಲ್ಯಾಬಿನ ಮನೆ. ಇನ್ನು ಚಿಂತೆ ಇಲ್ಲ ಅಂದುಕೊಂಡೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ಹೊಳೆ ಉಕ್ಕಿ ಊರೂರಿಗೆ ನೀರು ನುಗ್ಗಿತಲ್ಲ, ಆ ಮಳೆ ಮುಗಿದ ಮೇಲೆ ನಮ್ಮ ಪಡಸಾಲೆಯ ಮೇಲ್ಭಾಗದಲ್ಲಿ ಕಂದು ಗೆರೆ ಕಂಡಿತು. ನೇರವಾದ ಗೆರೆ, ಸ್ಕೇಲ್ ಇಟ್ಟು ಎಳೆದ ಹಾಗೆ. ಗೌಂಡಿಯೊಬ್ಬರು ಬಂದು ಗಿಲಾವ್ (ಪ್ಲಾಸ್ಟರ್) ಕೆರೆದು, ಮೇಲೆ ಹೊಸ ಗಿಲಾವ್ ಮಾಡಿ, ಸುಣ್ಣ ಬಳಿದು ಹೋದರು. ಎರಡು ವರ್ಷಕ್ಕೆ ಹಪ್ಪಳದಂತೆ ಒಂದು ಚಕ್ಕೆ ಕೆಳಗೆ ಬಿತ್ತು. ಪುಣ್ಯಕ್ಕೆ ಅಲ್ಲಿ ಯಾರೂ ಕೂತಿರಲಿಲ್ಲ. ನೇರ ಕಂದು ಗೆರೆ ಅಂದರೆ ಒಳಗಿನ ಕಂಬಿ ತುಕ್ಕು ಹಿಡಿದಿದೆ ಅಂತ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಎರಡು ಪಟ್ಟು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಜಾಗ ಬೇಡುತ್ತದೆ. ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಅದರ ಮೇಲೆ ಗಿಲಾವ್ ಮಾಡಿದರೆ ಗಾಯ ತೊಳೆಯದೆ ಪಟ್ಟಿ ಕಟ್ಟಿದ ಹಾಗೆ.

ಉದ್ದ ಕೋಲಿನಿಂದ ಮೇಲೆ ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ಜಾಗ ಟಣ್ ಅನ್ನುತ್ತದೆ, ಬಿಟ್ಟುಕೊಂಡ ಜಾಗ ಡಬ್ ಅನ್ನುತ್ತದೆ. ತಟ್ಟುವಾಗ ಪಕ್ಕಕ್ಕೆ ನಿಲ್ಲಿ. ಫ್ಯಾನಿನ ಕೊಂಡಿಯ ಸುತ್ತ ಮರೆಯದೆ ನೋಡಿ. ಒಂದೆರಡು ಕಡೆ ಕಂಬಿ ಕಂಡರೆ ಸಡಿಲ ಕಾಂಕ್ರೀಟ್ ಒಡೆದು, ಕಂಬಿಯ ತುಕ್ಕು ಪೂರ್ತಿ ಉಜ್ಜಿ, ತುಕ್ಕು ತಡೆಯುವ ಬಣ್ಣ ಹಚ್ಚಿ ತುಂಬಿಸಬಹುದು. ಕೋಣೆ ತುಂಬ ಹಾಗೇ ಇದ್ದರೆ, ಕಂಬಿ ಪದರ ಪದರವಾಗಿ ಏಳುತ್ತಿದ್ದರೆ, ಇಲ್ಲವೇ 10 ಅಡಿ ಅಗಲದ ಕೋಣೆಯಲ್ಲಿ ಸ್ಲ್ಯಾಬ್ ನಡುವೆ ಅರ್ಧ ಇಂಚಿಗಿಂತ ಜಾಸ್ತಿ ಇಳಿದಿದ್ದರೆ ಅದು ಗೌಂಡಿಯ ಕೆಲಸವಲ್ಲ, ಎಂಜಿನಿಯರನ್ನು ಕರೆಯಿರಿ. ಮೇಲಿನ ನೀರಿನ ಟಾಕಿ ಎಲ್ಲಿದೆ ಅಂತಲೂ ನೋಡಿ. ಸಾವಿರ ಲೀಟರ್ ನೀರೆಂದರೆ 10 ಕ್ವಿಂಟಲ್. ಅದು ಗೋಡೆಯ ಮೇಲೆ ಕೂಡಬೇಕು, ಸ್ಲ್ಯಾಬಿನ ನಡುವೆ ಅಲ್ಲ.

ಬೇಸಿಗೆಯಲ್ಲೂ ತೇವದ ಕಲೆ ಒಣಗದಿದ್ದರೆ ಅದು ಮಳೆ ನೀರಲ್ಲ. ಟಾಕಿ ಅಥವಾ ಪೈಪ್ ಹುಡುಕಿ. ಬಾಗಿಲು ಮಳೆಗಾಲದಲ್ಲಿ ಬಿಗಿಯಾಗಿ, ಬೇಸಿಗೆಯಲ್ಲಿ ಸಡಿಲವಾದರೆ ಅದು ಬಹಳ ಸಲ ನೆನೆದಾಗ ಉಬ್ಬಿ ಒಣಗಿದಾಗ ಕುಗ್ಗುವ ಎರೆ (ಕಪ್ಪು ಮಣ್ಣಿನ) ನೆಲದ ಆಟ, ಇಲ್ಲವೇ ಬಾಗಿಲ ಕಟ್ಟಿಗೆ ನೆನೆದು ಉಬ್ಬಿದ್ದು. ಬೇಸಿಗೆಯಲ್ಲೂ ಚೌಕಟ್ಟಿಗೆ ಸಿಕ್ಕಿಕೊಂಡರೆ ಬಾಗಿಲು ಹೆರೆಸುವ ಮೊದಲು ತಲೆ ಎತ್ತಿ ತೊಲೆ ನೋಡಿ.

ಮಣ್ಣಿನ ಮಾಳಿಗೆ ಬಿಚ್ಚಿಸುವಾಗ ತೊಲೆಗೆ ಮೊದಲು ಕೆಳಗಿನಿಂದ ಗಟ್ಟಿ ಆಸರೆ ಕೊಡಿಸಿ. ಕೂಲಿಯವರು ಮಣ್ಣನ್ನು ಕೆರೆದು ನಡುವೆ ಗುಡ್ಡೆ ಹಾಕುತ್ತಾರೆ, ಬಿಡಬೇಡಿ. ಕೆರೆದದ್ದು ಆಗಿಂದಾಗ ಬುಟ್ಟಿಯಲ್ಲಿ ಕೆಳಗಿಳಿಯಬೇಕು. ನಮ್ಮ ಅಡುಗೆ ಕೋಣೆಯದು ಎರಡು ಟ್ರಾಲಿ ತುಂಬಿತು, ಹಿತ್ತಲ ತಗ್ಗಿಗೆ ಸುರಿದೆವು. ನಾಲ್ಕು ತೊಲೆಯಲ್ಲಿ ಮೂರು ಒಲೆಗೆ ಹೋದವು.